ನೋವು ನಿಂತ ಮೇಲೆ

ಆಟದ ಬಯಲಿನಲ್ಲಿ ಬೀಳದೆ ಬೆಳೆದ ಮಕ್ಕಳಿಲ್ಲ. ಮೊಣಕಾಲು ತರಚುತ್ತದೆ, ಮೊಣಕೈ ಊದಿಕೊಳ್ಳುತ್ತದೆ; ಕೆಲವು ದಿನಗಳಲ್ಲಿ ಹೊಸ ಚರ್ಮ ಬಂದು ಗಾಯದ ಗುರುತೂ ಅಳಿಸಿಹೋಗುತ್ತದೆ. ಕೈಯ ಮೂಳೆ ಮುರಿದರೂ ಕಟ್ಟು ಹಾಕಿಸಿಕೊಂಡು ಕೆಲವು ವಾರ ಕಾದರೆ ಅದು ಕೂಡಿಕೊಳ್ಳುತ್ತದೆ. ಶರೀರದ ಈ ಶಕ್ತಿಯನ್ನು ಕಂಡು ಕಂಡು, ನೋವು ನಿಂತಿತೆಂದರೆ ಗಾಯ ವಾಸಿಯಾಯಿತೆಂದು ನಂಬುವುದು ನಮಗೆಲ್ಲ ರೂಢಿಯಾಗಿದೆ. ಈ ನಂಬಿಕೆಯನ್ನು ಸುಳ್ಳು ಮಾಡುವ ಒಂದು ಅವಯವ ನಮ್ಮ ಬಾಯೊಳಗೇ ಇದೆ. ಅದು ಹಲ್ಲು.

ಹಲವು ವರ್ಷಗಳ ಹಿಂದಿನ ಮಾತು. ನಾನು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬ ಖೊಖೊ ಆಡುತ್ತಿದ್ದಾಗ, ಕಂಬವನ್ನು ಸುತ್ತಿ ತಿರುಗುವ ಭರದಲ್ಲಿ ಮುಖವನ್ನು ಅದಕ್ಕೆ ಬಡಿದುಕೊಂಡ. ಮೇಲಿನ ಸಾಲಿನ ಮುಂದಿನ ಹಲ್ಲೊಂದು ಬೇರುಸಹಿತ ಕಿತ್ತು ಮಣ್ಣಿಗೆ ಬಿತ್ತು. ನಮ್ಮ ವ್ಯಾಯಾಮ ಶಿಕ್ಷಕರು ತಿಳಿದವರು. ಅವರು ಬೇರನ್ನು ಮುಟ್ಟದೆ, ಹೊರಗೆ ಕಾಣುವ ಬಿಳಿಯ ಭಾಗವನ್ನಷ್ಟೇ ಹಿಡಿದು ಹಲ್ಲನ್ನು ಎತ್ತಿಕೊಂಡರು. ಎದುರಿನ ಹೋಟೆಲಿನಿಂದ ಒಂದು ಲೋಟ ತಣ್ಣನೆಯ ಹಾಲು ತರಿಸಿ, ಹಲ್ಲನ್ನು ಅದರಲ್ಲಿ ಮುಳುಗಿಸಿ, ಹುಡುಗನನ್ನು ಪಟ್ಟಣದ ದಂತವೈದ್ಯರ ಬಳಿಗೆ ಕರೆದೊಯ್ದರು. ಒಂದು ಗಂಟೆಯೊಳಗೆ ಹಲ್ಲು ತನ್ನ ಗೂಡಿಗೆ ಮರಳಿತು. ವೈದ್ಯರು ಅದನ್ನು ಪಕ್ಕದ ಹಲ್ಲುಗಳಿಗೆ ಸೇರಿಸಿ ತೆಳುವಾದ ತಂತಿಯ ಕಟ್ಟು ಹಾಕಿದರು. ಮರುದಿನ ಇಡೀ ಶಾಲೆಯೇ ಅವನ ಬಾಯಿ ನೋಡಲು ಮುತ್ತಿಕೊಂಡಿತು.

ಎರಡು ವಾರ ಕಳೆದು ತಂತಿಯನ್ನು ತೆಗೆದರು. ಆ ದಿನ ವೈದ್ಯರು, "ಚಿಕಿತ್ಸೆ ಮುಗಿದಿಲ್ಲ. ಬೇರಿನೊಳಗಿನ ನಾಳವನ್ನು ಶುದ್ಧಿ ಮಾಡಬೇಕು. ಈ ವಾರದಲ್ಲಿಯೇ ಬಾ" ಎಂದು ಚೀಟಿ ಬರೆದುಕೊಟ್ಟರು. ಅದು ಸುಗ್ಗಿಯ ಕಾಲ. ಅವನ ತಂದೆಗೆ ಒಂದು ದಿನದ ಕೂಲಿ ಬಿಡುವುದೂ ಕಷ್ಟವಾಗಿತ್ತು. ಹುಡುಗ ಚೀಟಿಯನ್ನು ನನಗೆ ತೋರಿಸಿದ. "ನೋಯುತ್ತದೆಯೇನೋ?" ಎಂದು ಕೇಳಿದೆ. "ಇಲ್ಲ ಸಾರ್" ಎಂದ. "ಹಾಗಾದರೆ ಪರೀಕ್ಷೆ ಮುಗಿಯಲಿ, ಆಮೇಲೆ ಹೋಗುವೆಯಂತೆ" ಎಂದೆ. ಪರೀಕ್ಷೆ ಮುಗಿಯಿತು, ಬೇಸಗೆಯ ರಜೆ ಬಂತು, ಚೀಟಿ ಮರೆತುಹೋಯಿತು. ದೀಪಾವಳಿಯ ಹೊತ್ತಿಗೆ ಆ ಹಲ್ಲಿನ ಮೇಲಿನ ವಸಡಿನಲ್ಲಿ ಸಣ್ಣ ಗುಳ್ಳೆಯೊಂದು ಎದ್ದಿತು, ಹಲ್ಲು ಅಲುಗತೊಡಗಿತು. ಕ್ಷ-ಕಿರಣ ಚಿತ್ರ ತೆಗೆದು ನೋಡಿದರೆ ಬೇರಿನ ಬಹುಭಾಗ ಕರಗಿಹೋಗಿತ್ತು. ಮಣ್ಣಿನಿಂದ ಎತ್ತಿ ಉಳಿಸಿದ್ದ ಹಲ್ಲನ್ನು ಕೀಳಲೇಬೇಕಾಯಿತು. ಅಷ್ಟು ತಿಂಗಳುಗಳಲ್ಲಿ ಅದು ಒಂದು ದಿನವೂ ನೋಯಲಿಲ್ಲವೆಂದು ಹುಡುಗ ಹೇಳಿದ. ಅದು ನಿಜವೇ ಆಗಿತ್ತು.

ನೋವೇ ಇಲ್ಲದೆ ಬೇರು ಕರಗಿದ್ದು ಹೇಗೆ? ಇದನ್ನು ಅರಿಯಬೇಕಾದರೆ ಹಲ್ಲಿನ ರಚನೆಯನ್ನು ತಿಳಿಯಬೇಕು. ವಸಡಿನ ಹೊರಗೆ ಕಾಣುವ ಭಾಗ ಹಲ್ಲಿನ ಮುಕುಟ. ಎಲುಬಿನ ಗೂಡಿನಲ್ಲಿ ಅಡಗಿರುವುದು ಅದರ ಬೇರು. ಮುಕುಟದ ಹೊರಹೊದಿಕೆ ಎನಾಮಲ್. ನಮ್ಮ ದೇಹದಲ್ಲೆಲ್ಲ ಅದಕ್ಕಿಂತ ಗಟ್ಟಿಯಾದ ವಸ್ತು ಬೇರೊಂದಿಲ್ಲ. ಅದರ ಒಳಗಿನ ಪದರ ಡೆಂಟಿನ್. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಅಸಂಖ್ಯ ನಾಳಗಳು ಡೆಂಟಿನ್ನಿನ ಉದ್ದಕ್ಕೂ ಹಾಯ್ದಿರುತ್ತವೆ. ಎಲ್ಲಕ್ಕೂ ಒಳಗೆ ಮೆತ್ತಗಿನ ತಿರುಳಿದೆ. ರಕ್ತನಾಳಗಳೂ ನರಗಳೂ ಬೇರಿನ ತುದಿಯ ಕಿರಿದಾದ ರಂಧ್ರದ ಮೂಲಕ ಬಂದು ಈ ತಿರುಳನ್ನು ಸೇರುತ್ತವೆ. ಹಲ್ಲಿನ ಜೀವ ಇರುವುದು ಅಲ್ಲಿ.

ಇನ್ನೊಂದು ಭಾಗವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಹಲ್ಲು ಎಲುಬಿನಲ್ಲಿ ಗೋಡೆಗೆ ಬಡಿದ ಮೊಳೆಯ ಹಾಗೆ ನೇರವಾಗಿ ನಾಟಿಕೊಂಡಿಲ್ಲ. ಬೇರಿಗೂ ಎಲುಬಿಗೂ ನಡುವೆ ನಾರುಗಳಿಂದಾದ ತೆಳುಪೊರೆಯೊಂದಿದೆ. ಈ ನಾರುಪೊರೆ ಹಲ್ಲನ್ನು ತೂಗುಹಾಕಿ ಹಿಡಿದಿರುತ್ತದೆ, ನಾವು ಅಗಿಯುವಾಗ ಬೀಳುವ ಭಾರವನ್ನು ತಾಳಿಕೊಳ್ಳುತ್ತದೆ, ಬೇರನ್ನು ಕಾಪಾಡುತ್ತದೆ. ಪೆಟ್ಟು ಬಿದ್ದಾಗ ಕಣ್ಣಿಗೆ ಕಾಣುವುದು ಮುರಿದ ಮುಕುಟ ಅಥವಾ ಜಾಗ ತಪ್ಪಿದ ಹಲ್ಲು. ಕಾಣದಿರುವುದು ಎರಡು: ತಿರುಳಿಗಾದ ಪೆಟ್ಟು ಮತ್ತು ನಾರುಪೊರೆಗಾದ ಪೆಟ್ಟು. ಮೊದಲ ದಿನದ ಚಿಕಿತ್ಸೆ ಕಾಣುವುದನ್ನು ಸರಿಪಡಿಸುತ್ತದೆ. ಕಾಣದಿರುವುದರ ಗತಿಯೇನಾಯಿತೆಂಬುದನ್ನು ವೈದ್ಯರೂ ಅಂದೇ ಹೇಳಲಾರರು. ಅದನ್ನು ಕಾಲವೇ ಹೇಳಬೇಕು. ಕಾಲ ಹೇಳುವುದನ್ನು ಕೇಳಲು ನಾವು ಮತ್ತೆ ಮತ್ತೆ ಹೋಗಬೇಕು.

ಪೆಟ್ಟಾದ ಮೇಲೆ ಒಳಗೆ ನಡೆಯಬಹುದಾದ ಕೇಡುಗಳಲ್ಲಿ ಮುಖ್ಯವಾದವು ಮೂರು. ಮೊದಲನೆಯದು ತಿರುಳಿನ ಸಾವು. ಹಲ್ಲು ಜಾಗ ತಪ್ಪಿದಾಗ ಬೇರಿನ ತುದಿಯ ರಕ್ತನಾಳಗಳು ಹರಿಯಬಹುದು. ರಕ್ತವಿಲ್ಲದ ತಿರುಳು ಸಾಯುತ್ತದೆ. ಅದರೊಡನೆ ನರವೂ ಸಾಯುತ್ತದೆ. ನರ ಸತ್ತ ಮೇಲೆ ನೋವನ್ನು ತಿಳಿಸುವವರು ಯಾರು? ಹಲ್ಲು ತೆಪ್ಪಗಾಗುತ್ತದೆ. ನಾವು ಅದನ್ನೇ ವಾಸಿಯಾಯಿತೆಂದು ತಿಳಿಯುತ್ತೇವೆ. ಕೆಲವು ವೇಳೆ ಹಲ್ಲಿನ ಬಣ್ಣ ಬೂದಿಯಾಗುತ್ತದೆ. ಕೆಲವು ವೇಳೆ ಹೊರಗೆ ಯಾವ ಗುರುತೂ ಇರುವುದಿಲ್ಲ.

ಎರಡನೆಯದು ಬೇರಿನ ಕರಗುವಿಕೆ. ನೀವು ಚಿಕ್ಕವರಾಗಿದ್ದಾಗ ಉದುರಿದ ಹಾಲುಹಲ್ಲನ್ನು ಹೆಂಚಿನ ಮೇಲೆ ಎಸೆದದ್ದು ನೆನಪಿದೆಯೆ? ಅದಕ್ಕೆ ಬೇರು ಇರಲಿಲ್ಲ. ಕೆಳಗಿನಿಂದ ಹೊಸ ಹಲ್ಲು ಬರುವಾಗ, ಗಟ್ಟಿ ಪದಾರ್ಥವನ್ನು ಕರಗಿಸಬಲ್ಲ ಜೀವಕೋಶಗಳು ಹಾಲುಹಲ್ಲಿನ ಬೇರನ್ನು ಕರಗಿಸಿ ದಾರಿ ಮಾಡಿಕೊಟ್ಟಿದ್ದವು. ಅದು ಪ್ರಕೃತಿಯ ಏರ್ಪಾಡು. ಆದರೆ ಪೆಟ್ಟು ತಿಂದ ಶಾಶ್ವತ ಹಲ್ಲಿನೊಳಗೆ ಸತ್ತ ತಿರುಳು ಉಳಿದು, ಅದಕ್ಕೆ ರೋಗಾಣುಗಳು ಸೇರಿದರೆ, ಅವುಗಳ ವಿಷ ಡೆಂಟಿನ್ನಿನ ಸೂಕ್ಷ್ಮ ನಾಳಗಳ ಮೂಲಕ ಬೇರಿನ ಹೊರಮೈಗೆ ಬರುತ್ತದೆ. ನಾರುಪೊರೆ ಗಾಯಗೊಂಡಿರುವ ಕಡೆ ಅದೇ ಬಗೆಯ ಜೀವಕೋಶಗಳು ಎಚ್ಚೆತ್ತು ಒಳ್ಳೆಯ ಬೇರನ್ನೇ ಕರಗಿಸತೊಡಗುತ್ತವೆ. ಈ ಕೆಲಸ ಕೆಲವೇ ವಾರಗಳಲ್ಲಿ ಆರಂಭವಾಗಿ ಕೆಲವೇ ತಿಂಗಳುಗಳಲ್ಲಿ ಬೇರನ್ನು ತಿಂದುಹಾಕಬಲ್ಲದು. ನನ್ನ ಶಿಷ್ಯನ ಹಲ್ಲಿಗೆ ಆದದ್ದು ಇದು. ಸಕಾಲದಲ್ಲಿ ಸತ್ತ ತಿರುಳನ್ನು ತೆಗೆದು, ನಾಳವನ್ನು ಶುದ್ಧಿಗೊಳಿಸಿ, ಔಷಧ ತುಂಬಿ ಮುಚ್ಚಿದರೆ ಈ ಕರಗುವಿಕೆಯನ್ನು ಸಾಮಾನ್ಯವಾಗಿ ತಡೆಯಬಹುದು. ಜನ ರೂಟ್ ಕೆನಾಲ್ ಎಂದು ಕರೆಯುವ ಚಿಕಿತ್ಸೆ ಇದೇ. ಬೇರು ಪೂರ್ಣವಾಗಿ ಬೆಳೆದಿರುವ ಹಲ್ಲು ಕಿತ್ತುಬಿದ್ದು ಮರಳಿ ನೆಟ್ಟಿದ್ದರೆ, ಎರಡು ವಾರಗಳೊಳಗೆ ಈ ಚಿಕಿತ್ಸೆಯನ್ನು ಆರಂಭಿಸಬೇಕೆಂಬುದು ನಿಯಮ. ವೈದ್ಯರು "ಈ ವಾರದಲ್ಲಿಯೇ ಬಾ" ಎಂದು ಬರೆದುದರ ಅರ್ಥ ನನಗೆ ತಿಳಿದದ್ದು ಹಲ್ಲು ಹೋದ ಮೇಲೆ.

ಮೂರನೆಯದು ಬೇರು ಎಲುಬಿನೊಡನೆ ಬೆಸೆದುಕೊಳ್ಳುವುದು. ಕಿತ್ತುಬಿದ್ದ ಹಲ್ಲು ಒಂದು ಗಂಟೆಗಿಂತ ಹೆಚ್ಚು ಹೊತ್ತು ಒಣಗಿದ್ದರೆ ಬೇರಿಗೆ ಅಂಟಿರುವ ನಾರುಪೊರೆಯ ಜೀವಕೋಶಗಳು ಸಾಯುತ್ತವೆ. ಆಗ ಎಲುಬು ಬೇರನ್ನು ತನ್ನದೇ ಭಾಗವೆಂದು ಭಾವಿಸಿ, ಅದನ್ನು ಕರಗಿಸುತ್ತ ಅದರ ಜಾಗದಲ್ಲಿ ಎಲುಬನ್ನೇ ತುಂಬುತ್ತ ಹೋಗುತ್ತದೆ. ಹಲ್ಲು ಬಿಗಿಯಾಗಿರುತ್ತದೆ, ನೋಯುವುದಿಲ್ಲ. ಎಲ್ಲವೂ ಚೆನ್ನಾಗಿದೆಯೆಂದೇ ತೋರುತ್ತದೆ. ಆದರೆ ಬೆಳೆಯುವ ಮಕ್ಕಳ ದವಡೆ ಬೆಳೆಯುತ್ತ, ಉಳಿದ ಹಲ್ಲುಗಳು ಅದರೊಡನೆ ಮುಂದುವರಿಯುವಾಗ, ಬೆಸೆದುಕೊಂಡ ಹಲ್ಲು ಮಾತ್ರ ಇದ್ದಲ್ಲಿಯೇ ನಿಲ್ಲುತ್ತದೆ. ವರ್ಷಗಳುರುಳಿದಂತೆ ಅದು ಸಾಲಿನಲ್ಲಿ ಗಿಡ್ಡವಾಗಿ ಕಾಣುತ್ತದೆ. ಇದನ್ನು ಬೇಗನೆ ಗುರುತಿಸಿದರೆ, ಬೇರನ್ನು ಎಲುಬಿನಲ್ಲಿಯೇ ಬಿಟ್ಟು ಮುಕುಟವನ್ನು ಮಾತ್ರ ತೆಗೆದು, ಆ ಜಾಗದ ಎಲುಬು ಸವೆಯದಂತೆ ಕಾಪಾಡುವ ವಿಧಾನವುಂಟು. ತಡವಾದರೆ ಆ ಅನುಕೂಲವೂ ತಪ್ಪುತ್ತದೆ.

ಹಾಗಾದರೆ ಮರುಭೇಟಿಯಲ್ಲಿ ವೈದ್ಯರು ಮಾಡುವುದೇನು? ಹೊರಗಿನಿಂದ ನೋಡುವವರಿಗೆ ಅದು ಐದು ನಿಮಿಷದ ಕೆಲಸವೆನಿಸಬಹುದು. ಅವರು ಹಲ್ಲಿನ ಬಣ್ಣವನ್ನು ಪಕ್ಕದ ಹಲ್ಲಿನೊಡನೆ ಹೋಲಿಸುತ್ತಾರೆ. ಬೆರಳಿನಿಂದ ಅಲುಗಿಸಿ ನೋಡುತ್ತಾರೆ. ಉಪಕರಣದ ಹಿಡಿಯಿಂದ ಮೆಲ್ಲನೆ ತಟ್ಟುತ್ತಾರೆ. ನಾರುಪೊರೆಯಿರುವ ಹಲ್ಲು ಮಂದವಾದ ಸದ್ದು ಕೊಟ್ಟರೆ, ಎಲುಬಿಗೆ ಬೆಸೆದ ಹಲ್ಲು ಲೋಹವನ್ನು ತಟ್ಟಿದಂತೆ ಠಣ್ಣೆನ್ನುತ್ತದೆ. ಬಹಳ ತಣ್ಣಗಿನ ಹತ್ತಿಯನ್ನು ಮುಟ್ಟಿಸಿ "ತಿಳಿಯುತ್ತದೆಯೇ?" ಎಂದು ಕೇಳುತ್ತಾರೆ. ಇಲ್ಲಿ ಒಂದು ಸೂಕ್ಷ್ಮವಿದೆ. ಪೆಟ್ಟು ತಿಂದ ತಿರುಳು ಬದುಕಿದ್ದರೂ, ನರ ಮಂಕಾಗಿ, ಮೂರು ತಿಂಗಳವರೆಗೆ ಈ ಪರೀಕ್ಷೆಗೆ ಉತ್ತರ ಕೊಡದಿರಬಹುದು. ಆದುದರಿಂದ ಒಂದೇ ಪರೀಕ್ಷೆಯನ್ನು ನಂಬಿ ತಿರುಳನ್ನು ತೆಗೆಯಲೂ ಆಗದು, ಬಿಡಲೂ ಆಗದು. ಹಿಂದಿನ ಉತ್ತರವನ್ನು ಇಂದಿನ ಉತ್ತರದೊಡನೆ, ಹಿಂದಿನ ಕ್ಷ-ಕಿರಣ ಚಿತ್ರವನ್ನು ಇಂದಿನ ಚಿತ್ರದೊಡನೆ ಹೋಲಿಸಿಯೇ ತೀರ್ಮಾನಕ್ಕೆ ಬರಬೇಕು. ನಡುವಿನ ಒಂದು ಭೇಟಿ ತಪ್ಪಿದರೆ ಹೋಲಿಕೆಯ ಒಂದು ಕೊಂಡಿಯೇ ಕಳಚುತ್ತದೆ.

ಈ ಭೇಟಿಗಳ ದಿನಗಳನ್ನು ವೈದ್ಯರು ಮನಬಂದಂತೆ ಗೊತ್ತುಮಾಡುವುದಿಲ್ಲ. ಅದರ ಹಿಂದೆ ದೀರ್ಘಕಾಲದ ಅಧ್ಯಯನವಿದೆ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ವೈದ್ಯ ಆಂಡ್ರೆಯಾಸೆನ್ ಅವರು ತಮ್ಮ ಜೀವಮಾನವನ್ನೆಲ್ಲ ಪೆಟ್ಟು ತಿಂದ ಹಲ್ಲುಗಳ ಅಧ್ಯಯನಕ್ಕೆ ಮೀಸಲಿಟ್ಟವರು. ಕಿತ್ತುಬಿದ್ದು ಮರಳಿ ನೆಡಲಾದ 400 ಶಾಶ್ವತ ಬಾಚಿಹಲ್ಲುಗಳನ್ನು ಗಮನಿಸಿ, ಅವುಗಳ ಗತಿಯೇನಾಯಿತೆಂಬುದನ್ನು ಅವರೂ ಅವರ ಸಂಗಡಿಗರೂ 1995ರಲ್ಲಿ ಪ್ರಕಟಿಸಿದರು. ಇಂಥ ಅಧ್ಯಯನಗಳ ಆಧಾರದ ಮೇಲೆ ಅಂತರರಾಷ್ಟ್ರೀಯ ದಂತಾಘಾತ ಸಂಘವು ಮಾರ್ಗಸೂಚಿಯನ್ನು ರೂಪಿಸಿ, 2020ರಲ್ಲಿ ಅದನ್ನು ಪರಿಷ್ಕರಿಸಿತು. ಅದರ ಪ್ರಕಾರ, ಮುಕುಟದ ಚೂರು ಮುರಿದು ತಿರುಳು ಹೊರಕಾಣದಿದ್ದರೆ 6ರಿಂದ 8 ವಾರಗಳ ಮೇಲೆ ಒಮ್ಮೆ, ಮತ್ತೆ 1 ವರ್ಷದ ಮೇಲೆ ಒಮ್ಮೆ ತೋರಿಸಬೇಕು. ತಿರುಳು ಹೊರಕಂಡಿದ್ದರೆ ನಡುವೆ 3 ತಿಂಗಳು ಮತ್ತು 6 ತಿಂಗಳುಗಳ ಭೇಟಿಗಳೂ ಸೇರುತ್ತವೆ. ಹಲ್ಲು ಜಾಗ ಬಿಡದೆ ಸಡಿಲವಾಗಿದ್ದರೆ 2 ವಾರ, 12 ವಾರ, 6 ತಿಂಗಳು, 1 ವರ್ಷ. ಕಿತ್ತುಬಿದ್ದು ಮರಳಿ ನೆಟ್ಟಿದ್ದರೆ 2 ವಾರ, 4 ವಾರ, 3 ತಿಂಗಳು, 6 ತಿಂಗಳು, 1 ವರ್ಷ. ಅಲ್ಲಿಂದ ಮುಂದೆ ಕಡಮೆಯೆಂದರೂ 5 ವರ್ಷಗಳವರೆಗೆ ವರ್ಷಕ್ಕೊಂದು ಸಲ. ಅರ್ಧ ಕ್ಷಣದಲ್ಲಿ ಬಿದ್ದ ಪೆಟ್ಟಿಗೆ ಐದು ವರ್ಷದ ಕಾವಲು!

ಆರೇಳು ವರ್ಷದ ನಿಮ್ಮ ತಮ್ಮ ತಂಗಿಯರ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಮುಂದಿನ ಶಾಶ್ವತ ಹಲ್ಲು ಹುಟ್ಟಿದ ಮೇಲೆಯೂ ಅದರ ಬೇರು ಪೂರ್ಣವಾಗಲು ಸುಮಾರು ಮೂರು ವರ್ಷ ಹಿಡಿಯುತ್ತದೆ. ಅಷ್ಟು ಕಾಲ ಬೇರಿನ ತುದಿ ಅಗಲವಾಗಿ ತೆರೆದಿರುತ್ತದೆ, ಗೋಡೆ ತೆಳುವಾಗಿರುತ್ತದೆ. ತಿರುಳು ಬದುಕಿದ್ದರೆ ಮಾತ್ರ ಬೇರು ಬೆಳೆದು ಬಲಿಯುತ್ತದೆ. ಆದುದರಿಂದ ಇಂಥ ಹಲ್ಲಿನಲ್ಲಿ ತಿರುಳನ್ನು ಉಳಿಸಲು ವೈದ್ಯರು ಬಹಳವಾಗಿ ಯತ್ನಿಸುತ್ತಾರೆ. ಸ್ವೀಡನ್ನಿನ ವೈದ್ಯ ಸ್ವೆಕ್ ಅವರು, ಹೊರಕಂಡ ತಿರುಳಿನ ಮೇಲ್ಪದರವನ್ನಷ್ಟೇ ತೆಗೆದು ಔಷಧದಿಂದ ಮುಚ್ಚಿದರೆ ಉಳಿದ ತಿರುಳು ಬದುಕಬಲ್ಲದೆಂಬುದನ್ನು 60 ಹಲ್ಲುಗಳ ಚಿಕಿತ್ಸೆಯಿಂದ 1978ರಲ್ಲಿ ತೋರಿಸಿಕೊಟ್ಟರು. ಆ 60ರಲ್ಲಿ ಬಹುಪಾಲು ವಾಸಿಯಾದವು. ತೆರೆದ ತುದಿಯ ಮೂಲಕ ರಕ್ತನಾಳಗಳು ಹೊಸದಾಗಿ ಒಳಹೊಕ್ಕು ತಿರುಳು ಚೇತರಿಸಿಕೊಳ್ಳುವುದೂ ಉಂಟು. ಚೇತರಿಸಿಕೊಳ್ಳುತ್ತಿದೆಯೋ ಕೊಳೆಯುತ್ತಿದೆಯೋ ಎಂಬುದನ್ನು ಮೇಲಿಂದ ಮೇಲೆ ನೋಡಿಯೇ ತಿಳಿಯಬೇಕಾದುದರಿಂದ, ಚಿಕ್ಕ ಮಕ್ಕಳಿಗೆ ಭೇಟಿಗಳು ಇನ್ನೂ ಹತ್ತಿರ ಹತ್ತಿರವಾಗಿರುತ್ತವೆ.

ಹಾಲುಹಲ್ಲಿನ ಮಾತು ಬೇರೆ. ಕಿತ್ತುಬಿದ್ದ ಹಾಲುಹಲ್ಲನ್ನು ಮರಳಿ ನೆಡುವುದಿಲ್ಲ. ಹಾಗೆ ನೆಟ್ಟರೆ ಒಳಗಿರುವ ಶಾಶ್ವತ ಹಲ್ಲಿನ ಮೊಳಕೆಗೆ ಕೇಡಾದೀತು. "ಹೇಗೂ ಉದುರುವ ಹಲ್ಲು ತಾನೆ" ಎಂದು ಅದನ್ನು ಅಲಕ್ಷಿಸುವುದೂ ಸರಿಯಲ್ಲ. ಪೆಟ್ಟು ಆ ಮೊಳಕೆಗೂ ತಾಗಿದ್ದರೆ, ವರ್ಷಗಳ ಮೇಲೆ ಹುಟ್ಟುವ ಹಲ್ಲಿನಲ್ಲಿ ಬಿಳಿಯ ಅಥವಾ ಹಳದಿ ಕಂದು ಕಲೆ ಕಾಣಬಹುದು. ಬೂದಿಯಾದ ಹಾಲುಹಲ್ಲು ಕೆಲವು ವೇಳೆ ತಾನಾಗಿಯೇ ಮೊದಲಿನ ಬಣ್ಣಕ್ಕೆ ಮರಳುತ್ತದೆ. ಆದುದರಿಂದ ಬಣ್ಣ ಕೆಟ್ಟಿತೆಂದು ಕೀಳಿಸಲು ಅವಸರಪಡಬಾರದು, ನೋಯಲಿಲ್ಲವೆಂದು ಮರೆಯಲೂ ಬಾರದು. ವೈದ್ಯರಿಗೆ ತೋರಿಸುತ್ತಿರಬೇಕು.

ಇನ್ನು ಮನೆಯಲ್ಲಿ ಮಾಡಬೇಕಾದ ಶುಶ್ರೂಷೆ. ಪೆಟ್ಟಾದ ಮೇಲೆ ಎರಡು ವಾರ ಮೆತ್ತಗಿನ ಆಹಾರವೇ ಯೋಗ್ಯ. ಇದಕ್ಕಾಗಿ ಬೇರೆ ಪದಾರ್ಥ ಕೊಳ್ಳಬೇಕಾಗಿಲ್ಲ. ಗಂಜಿ, ಮೊಸರನ್ನ, ಇಡ್ಲಿ, ಬಾಳೆಹಣ್ಣು ಸಾಕು. ರಾಗಿಮುದ್ದೆಯನ್ನಂತೂ ಅಗಿಯದೆಯೇ ನುಂಗುವುದು ನಮ್ಮ ಹಳ್ಳಿಗಳ ವಾಡಿಕೆ. ಕಬ್ಬು, ಚಕ್ಕುಲಿ, ಹುರಿದ ಕಡಲೆಗಳನ್ನು ಆ ಹಲ್ಲಿನಿಂದ ಕಡಿಯಬಾರದು. "ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ" ಎಂಬ ಗಾದೆ ಮುದುಕರಿಗಾಗಿ ಹುಟ್ಟಿದ್ದು; ಅದನ್ನು ಹದಿಮೂರನೆಯ ವಯಸ್ಸಿಗೆ ನಿಜ ಮಾಡಿಕೊಳ್ಳುವುದು ಬೇಡ. ನೋವಿನ ಭಯದಿಂದ ಹಲವರು ಆ ಭಾಗವನ್ನು ಉಜ್ಜುವುದನ್ನೇ ಬಿಡುತ್ತಾರೆ. ಇದು ದೊಡ್ಡ ತಪ್ಪು. ಅಲ್ಲಿ ಕೊಳೆ ಕೂಡಿದರೆ ರೋಗಾಣುಗಳಿಗೆ ದಾರಿಯಾಗುತ್ತದೆ. ಊಟವಾದೊಡನೆ ಮೃದುವಾದ ಬ್ರಷ್ಷಿನಿಂದ ಮೆಲ್ಲನೆ ಉಜ್ಜಬೇಕು. ವೈದ್ಯರು ಔಷಧದ್ರವ ಕೊಟ್ಟಿದ್ದರೆ ಅದರಿಂದ ದಿನಕ್ಕೆರಡು ಸಲ ಬಾಯಿ ಮುಕ್ಕಳಿಸಬೇಕು. ಗಾಯಕ್ಕೆ ಮಣ್ಣು ತಗಲಿದ್ದರೆ ಧನುರ್ವಾಯುವಿನ ಚುಚ್ಚುಮದ್ದಿನ ವಿಷಯವನ್ನು ಕೇಳಿ ತಿಳಿಯಬೇಕು. ವೈದ್ಯರು ಒಪ್ಪುವವರೆಗೆ ಕಬಡ್ಡಿಯಂಥ ಆಟಗಳಿಂದ ದೂರವಿರಬೇಕು. ವಸಡಿನಲ್ಲಿ ಗುಳ್ಳೆ ಎದ್ದರೆ, ಬಾವು ಬಂದರೆ, ಬಿಗಿಯಾಗಿದ್ದ ಹಲ್ಲು ಮತ್ತೆ ಅಲುಗಿದರೆ, ಬಣ್ಣ ಕೆಟ್ಟರೆ, ಗಿಡ್ಡವಾದಂತೆ ತೋರಿದರೆ, ಗೊತ್ತಾದ ದಿನಕ್ಕಾಗಿ ಕಾಯದೆ ಒಡನೆಯೇ ಹೋಗಬೇಕು.

ಬಡವರಿಗೆ ಇಷ್ಟು ಸಲ ಓಡಾಡಲು ಸಾಧ್ಯವೆ ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಬಸ್ಸಿನ ಖರ್ಚು, ತಪ್ಪುವ ಕೂಲಿ ಇವು ಸಣ್ಣವಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ದಂತವೈದ್ಯರಿದ್ದಾರೆ; ದಂತ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಕಡಮೆ ಖರ್ಚಿನಲ್ಲಿ ಚಿಕಿತ್ಸೆ ದೊರೆಯುತ್ತದೆ. ಆದರೂ ಕಷ್ಟ ಕಷ್ಟವೇ. ಆದರೆ ಹಲ್ಲು ಹೋದ ಮೇಲಿನ ಖರ್ಚು ಇದಕ್ಕಿಂತ ದೊಡ್ಡದು. ಬೆಳೆಯುವ ಮಕ್ಕಳ ಎಲುಬಿನಲ್ಲಿ ಕೃತಕ ಹಲ್ಲನ್ನು ನೆಡುವಂತಿಲ್ಲ. ಬೆಳವಣಿಗೆ ಮುಗಿಯುವವರೆಗೆ ಕಾಯಬೇಕು. ನನ್ನ ಶಿಷ್ಯನೂ ಕಾದ. ತೆಗೆದಿಡುವ ಹಲ್ಲನ್ನು ಹಾಕಿಸಿಕೊಂಡಿದ್ದನಾದರೂ, ಅದು ಎಲ್ಲಿ ಜಾರುವುದೋ ಎಂದು ಅಂಜಿ, ನಗುವಾಗಲೆಲ್ಲ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ. ತರಗತಿಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಪದ್ಯ ಓದುತ್ತಿದ್ದ ಹುಡುಗ ಹಿಂದಿನ ಬೆಂಚಿಗೆ ಸರಿದ. ಅದನ್ನು ಕಂಡಾಗಲೆಲ್ಲ "ಪರೀಕ್ಷೆ ಮುಗಿಯಲಿ" ಎಂದ ನನ್ನ ಮಾತು ನನಗೆ ನೆನಪಾಗುತ್ತಿತ್ತು.

ಅಂದಿನಿಂದ ನಾನು ಒಂದು ಪದ್ಧತಿಯನ್ನು ಇಟ್ಟುಕೊಂಡೆ. ಹಲ್ಲಿಗೆ ಪೆಟ್ಟಾದ ಮಕ್ಕಳ ಹೆಸರನ್ನೂ ವೈದ್ಯರು ಬರೆದ ದಿನಗಳನ್ನೂ ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟು, ಆ ದಿನ ಹತ್ತಿರವಾದಾಗ ಮಗುವನ್ನು ಕರೆದು ನೆನಪಿಸುತ್ತಿದ್ದೆ. ಸೈಕಲ್ಲಿನಿಂದ ಬಿದ್ದು ಹಲ್ಲು ಸಡಿಲ ಮಾಡಿಕೊಂಡಿದ್ದ ಹುಡುಗಿಯೊಬ್ಬಳು "ನೋವೇ ಇಲ್ಲವಲ್ಲ ಸಾರ್" ಎಂದು ಹಿಂಜರಿದರೂ, ಅವಳ ತಾಯಿಗೆ ಹೇಳಿ ಕಳುಹಿಸಿದೆ. ಮೂರನೆಯ ತಿಂಗಳ ಭೇಟಿಯಲ್ಲಿ ತಿರುಳು ಸತ್ತಿರುವುದು ಕಂಡುಬಂತು. ಬೇರು ಕರಗುವ ಮೊದಲೇ ನಾಳದ ಚಿಕಿತ್ಸೆ ನಡೆಯಿತು. ಎಷ್ಟೋ ವರ್ಷಗಳ ಮೇಲೆ ಅವಳ ಮದುವೆಗೆ ಹೋಗಿದ್ದೆ. ಆಶೀರ್ವಾದ ಪಡೆಯಲು ಬಂದವಳು ಬಾಯಿತುಂಬ ನಕ್ಕಳು. ಉಳಿದ ನೆಂಟರು ಮದುಮಗಳ ಒಡವೆಗಳನ್ನು ನೋಡುತ್ತಿದ್ದರು. ನಾನು ನೋಡಿದ್ದು ಆ ಹಲ್ಲನ್ನು. ಅದು ಅದರ ಜಾಗದಲ್ಲಿಯೇ ಇತ್ತು.

ನಿಮ್ಮಲ್ಲಿ ಯಾರಿಗಾದರೂ, ನಿಮ್ಮ ಗೆಳೆಯರಿಗಾಗಲಿ ತಮ್ಮ ತಂಗಿಯರಿಗಾಗಲಿ, ಇಂಥ ಪೆಟ್ಟು ಬೀಳಬಹುದು. ಆಗ ಹಲ್ಲನ್ನು ಹಾಲಿನಲ್ಲಿಟ್ಟು ಓಡುವುದು ನಿಮ್ಮ ಮೊದಲ ಕರ್ತವ್ಯ. ವೈದ್ಯರು ಕೊಟ್ಟ ಚೀಟಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ನೋವಿರಲಿ ಇಲ್ಲದಿರಲಿ ಆ ದಿನ ತಪ್ಪದೆ ಹೋಗುವುದು ಎರಡನೆಯ ಕರ್ತವ್ಯ. ಮೊದಲನೆಯದಕ್ಕೆ ಸಮಯಸ್ಫೂರ್ತಿ ಬೇಕು. ಎರಡನೆಯದಕ್ಕೆ ತಾಳ್ಮೆ ಬೇಕು. ಹಲ್ಲು ಉಳಿಯಬೇಕಾದರೆ ಎರಡೂ ಬೇಕು.